ಒಂದು ಸೊನ್ನೆ ಒಂದು

ಕಾಮಾಕ್ಷಿಪಾಳ್ಯದ ನಮ್ಮ ಅಡ್ಡರಸ್ತೆಯಲ್ಲಿ
ವಸುಪಾಲ ಡಾಕ್ಟ್ರ ಅಕ್ಷರ ಓದಬಲ್ಲವರು ಇಬ್ಬರೇ:
ಅವರು, ಎದುರು ಮೆಡಿಕಲ್ಲಿನ ನಾನು.
ಒಮ್ಮೊಮ್ಮೆ ನಾನೊಬ್ಬಳೇ.
ಚೀಟಿ ಹಿಡಿದು ಅವರೇ ರಸ್ತೆ ದಾಟಿ ಬಂದು
‘ಇದೇನಮ್ಮ ಬರ್ದಿದೀನಿ?’ ಅಂತ ಕೇಳಿದ್ದೂ ಉಂಟು.

ಹದಿನಾಲ್ಕು ವರ್ಷದ ಚೀಟಿಗಳು.
ಸೋಮವಾರ ಸೊಂಟನೋವು, ಗಾರ್ಮೆಂಟ್ಸಿನ ಹೆಂಗಸರದು,
ಭಾನುವಾರವಿಡೀ ಬಟ್ಟೆ ಒಗೆದ ಬೆನ್ನು
ಮತ್ತೆ ಮಷೀನಿನ ಮುಂದೆ ಬಾಗಿದ್ದಕ್ಕೆ.
ಸಂಬಳವಾದ ವಾರ ಜೊತೆಗೊಂದು ಟಾನಿಕ್ಕು.
ತಿಂಗಳ ಕೊನೆಗೆ ಟಾನಿಕ್ಕಿಲ್ಲ, ನೋವು ಅದೇ.
ಪೌಡರ್ ಕೋಟಿಂಗ್ ಹುಡುಗರಿಗೆ ಕೆಮ್ಮಿನ ಸಿರಪ್ಪು;
ಅವರ ಕರ್ಚೀಫಿನಲ್ಲಿ ಆ ದಿನದ ಬಣ್ಣ,
ನೀಲಿಯಾದರೆ ಬೀರು, ಹಳದಿಯಾದರೆ ಗೇಟಿನ ಆರ್ಡರು.

ಚೀಟಿಯಲ್ಲಿ ಐದು ದಿನ ಅಂತಿದ್ದರೆ
‘ಎರಡು ದಿನದ್ದು ಕೊಡಿ ಸಾಕು’ ಅನ್ನುವರು ಜನ.
ಕತ್ತರಿ ಹಾಕಿ ಸ್ಟ್ರಿಪ್ಪು ತುಂಡರಿಸುವೆ.
ಡಾಕ್ಟ್ರಿಗೆ ಗೊತ್ತಾಯಿತು. ಏಳು ದಿನ ಬರೆಯತೊಡಗಿದರು,
ಮೂರಾದರೂ ಕೊಂಡಾರು ಅಂತ.
ಜನಕ್ಕೂ ಗೊತ್ತಾಯಿತು.
ಏಳರಲ್ಲೂ ಎರಡೇ.
ಕೊಪ್ಪಳದ ಕಡೆಯಿಂದ ಹೊಸದಾಗಿ ಬಂದ ಹುಲಿಗೆಮ್ಮ ಮಾತ್ರ
ಚೀಟಿ ಫಂಡಿಗೆ ಕಟ್ಟಬೇಕಿದ್ದ ದುಡ್ಡು ಬಿಚ್ಚಿ
ಏಳೂ ದಿನದ್ದು ಕೇಳಿದಳು.
ಅವತ್ತು ರಸ್ತೆ ದಾಟಿದ್ದು ನಾನು.
ಡಾಕ್ಟ್ರು ಏಳನ್ನು ಹೊಡೆದು ಐದು ಮಾಡಿದರು,
ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿದರು.

ಬೆಳಗ್ಗೆ ಒಂದು, ಮಧ್ಯಾಹ್ನ ಸೊನ್ನೆ, ರಾತ್ರಿ ಒಂದು.
ಓದು ಬಾರದವರಿಗೆ ಕವರಿನ ಅಂಚು ಕತ್ತರಿಸಿ ಕೊಡುವೆ:
ಒಂದು ಕಚ್ಚಿಗೆ ಒಂದು ಹೊತ್ತು, ಎರಡು ಕಚ್ಚಿಗೆ ಎರಡು,
ಕರೆಂಟು ಹೋದರೂ ಬೆರಳಿಗೆ ಸಿಗಬೇಕು.
‘ಊಟ ಆದ್ಮೇಲೆ’ ಅನ್ನುವುದು ಬಾಯಿಮಾತು.
‘ಯಾವ ಊಟ?’ ಅಂತ ನಗುತ್ತಾನೆ ರಾತ್ರಿಪಾಳಿಯ ಜಬೀವುಲ್ಲಾ;
ಅವನಿಗೆ ರಾತ್ರಿಯಾಗುವುದು ಬೆಳಗ್ಗೆ ಎಂಟಕ್ಕೆ.

ಟೈ ಕಟ್ಟಿದ ರೆಪ್ಪು ತಿಂಗಳಿಗೊಮ್ಮೆ ಬಂದು
‘ಮೇಡಂ, ಡಾಕ್ಟ್ರು ನಮ್ದು ಎಷ್ಟು ಬರೀತಾರೆ?’ ಅನ್ನುತ್ತಾನೆ.
ಅವನು ಕೊಟ್ಟ ಗಡಿಯಾರ ಕ್ಲಿನಿಕ್ಕಿನ ಗೋಡೆಯಲ್ಲಿದೆ, ಹತ್ತು ನಿಮಿಷ ಮುಂದೆ.
ಲೆಕ್ಕ ನನ್ನ ಬಳಿ ಇದೆ. ಹೇಳುವುದಿಲ್ಲ.
ಗಡಿಯಾರ ಬಂದ ಮೂರು ತಿಂಗಳು ಅವನ ಮಾತ್ರೆ ಹೆಚ್ಚು ಹೋಯಿತು,
ಅದನ್ನೂ ಹೇಳುವುದಿಲ್ಲ, ಡಾಕ್ಟ್ರಿಗೂ.

ಆದರೆ ಅಕ್ಷರ.
ಎರಡು ವರ್ಷದಿಂದ ಸಣ್ಣಗಾಗುತ್ತ ಬಂತು.
ಮೊದಮೊದಲು ಸಾಲಿನ ಕೊನೆಗೆ, ಆಮೇಲೆ ನಡುವಿನಿಂದಲೇ,
ಅಕ್ಕಿಕಾಳು ಸಾಸಿವೆಯಾದ ಹಾಗೆ.
ಕಾಗದ ಉಳಿಸುತ್ತಿದ್ದಾರೆ ಅಂದುಕೊಂಡೆ.
ಗಲ್ಲಾದ ಪಕ್ಕ ಒಂದು ಭೂತಗನ್ನಡಿ ಇಟ್ಟುಕೊಂಡೆ.

ನಿನ್ನೆ ಶಟರ್ ಎಳೆಯುವ ಹೊತ್ತಿಗೆ ಬಂದರು.
ಚೀಟಿ ಯಾವುದೋ ದೊಡ್ಡಾಸ್ಪತ್ರೆಯದು, ಅಚ್ಚಾದದ್ದು,
ಯಾರು ಬೇಕಾದರೂ ಓದಬಹುದಾದದ್ದು.
ವಯಸ್ಸು ಅರವತ್ಮೂರು. ಕೈನಡುಕದ ಮಾತ್ರೆ.
ಒಂದು ಒಂದು ಒಂದು. ಮಧ್ಯಾಹ್ನಕ್ಕೂ ಸೊನ್ನೆಯಿಲ್ಲ.
ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು;
ಬೀಗದಕೈ ಗೊಂಚಲು ಒಳಗೇ ಸಣ್ಣಗೆ ಸದ್ದು ಮಾಡುತ್ತಿತ್ತು.

‘ಎಷ್ಟು ದಿನದ್ದು ಕೊಡ್ಲಿ ಸಾರ್?’
ನನ್ನ ತಲೆಯ ಮೇಲಿನ ಶೆಲ್ಫು ನೋಡುತ್ತ
‘ಸದ್ಯಕ್ಕೆ ಎರಡು ದಿನದ್ದು ಕೊಡಮ್ಮ’ ಅಂದರು.

ಕತ್ತರಿ ತೆಗೆದೆ. ಸ್ಟ್ರಿಪ್ಪು ಕತ್ತರಿಸಿದ ಕೈ
ನಿಲ್ಲದೆ ಕವರಿನ ಅಂಚಿಗೂ ಮೂರು ಕಚ್ಚು ಹಾಕಿಬಿಟ್ಟಿತು.
ನಾಚಿಕೆಯಾಯಿತು.
ಅವರು ಎಡಗೈ ಹೆಬ್ಬೆರಳಲ್ಲಿ ಒಂದೊಂದನ್ನೇ ಮುಟ್ಟಿ ನೋಡಿದರು.
‘ಊಟಕ್ಕೆ ಮುಂಚೆ’ ಅಂದೆ.
ಹೂಂ ಅಂದರು, ಗೊತ್ತಿಲ್ಲದವರ ಹಾಗೆ.

ಮೂರು ರೂಪಾಯಿ ಚಿಲ್ಲರೆ ಇರಲಿಲ್ಲ.
ಕೆಮ್ಮಿನ ಪೆಪ್ಪರಮೆಂಟು ಕೊಟ್ಟೆ, ಎಲ್ಲರಿಗೂ ಕೊಡುವ ಹಾಗೆ.